ನೆಸ್ಟಿಕಲ್‌ಗೆ ಎಷ್ಟು ಶ್ರೇಯ, ದಾಖಲೆ ಬರೆದವರಿಗೆ ಎಷ್ಟು? ಕನ್ಸೋಲ್ ಎಮ್ಯುಲೇಶನ್‌ನ ಮೊದಲ ವರ್ಷಗಳು

ಎಂಟುಬಿಟ್:

ಕನ್ಸೋಲ್ ಎಮ್ಯುಲೇಶನ್‌ನ, ಅಂದರೆ ಟಿವಿಗೆ ಸಿಕ್ಕಿಸುವ ಆಟದ ಯಂತ್ರವನ್ನು ಗಣಕದಲ್ಲಿ ತಂತ್ರಾಂಶದಿಂದ ಅನುಕರಿಸುವ ಕೆಲಸದ, ಇತಿಹಾಸ ಹೇಳಲು ಹೊರಟವರೆಲ್ಲ 1997ರ ಏಪ್ರಿಲ್ 3ಕ್ಕೆ ಬಂದು ನಿಲ್ಲುತ್ತಾರೆ. ಅಂದು ಬ್ಲಡ್‌ಲಸ್ಟ್ ಸಾಫ್ಟ್‌ವೇರ್‌ನ ಐಸರ್ ಆ್ಯಡಿಸ್, ಸಾರ್ಡು ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ನಿಂಟೆಂಡೊದ ನೆಸ್ ಯಂತ್ರವನ್ನು ಅನುಕರಿಸುವ ನೆಸ್ಟಿಕಲ್ ಎಂಬ ಎಮ್ಯುಲೇಟರ್ ಅನ್ನು ಉಚಿತವಾಗಿ ಬಿಟ್ಟರು. ನಿಂಟೆಂಡೊ ಆಟಗಳು ಮನೆಯ ಗಣಕಕ್ಕೆ ಬಂದದ್ದು ಅಲ್ಲಿಂದ ಎಂಬುದು ಎಲ್ಲರೂ ಒಪ್ಪಿಕೊಂಡ ಕಥೆ. ಕಥೆ ಸುಳ್ಳಲ್ಲ, ಆದರೆ ಅದು ಅರ್ಧದಿಂದ ಶುರುವಾಗುತ್ತದೆ ಎಂಬುದು ನನ್ನ ತಕರಾರು. ಯಂತ್ರವನ್ನು ಬಿಚ್ಚಿ, ಅಳೆದು, ಕಂಡದ್ದನ್ನು ಬರೆದಿಟ್ಟು ಊರಿಗೆಲ್ಲ ಹಂಚಿದವರು ಇಲ್ಲದೆ ಹೋಗಿದ್ದರೆ ನೆಸ್ಟಿಕಲ್ ಇರುತ್ತಿರಲಿಲ್ಲ.

ಮರಾತ್ ಫೈಝುಲ್ಲಿನ್ ಅವರನ್ನೇ ತೆಗೆದುಕೊಳ್ಳಿ. ಎಂಎಸ್ಎಕ್ಸ್ ಗಣಕದ ಎಮ್ಯುಲೇಟರ್, 1995ರಲ್ಲಿ ವರ್ಚುವಲ್ ಗೇಮ್‌ಬಾಯ್, 1996ರಲ್ಲಿ ನೆಸ್‌ನ ಎಮ್ಯುಲೇಟರ್ ಐನೆಸ್, ಎಲ್ಲ ಅವರು ಬರೆದವು. ಐನೆಸ್ ಎಂಬ ತಂತ್ರಾಂಶವನ್ನು ಇಂದು ಓಡಿಸುವವರು ತೀರಾ ವಿರಳ. ಆದರೆ ಅದಕ್ಕಾಗಿ ಅವರು ರೂಪಿಸಿದ ಫೈಲ್ ಶಿರೋಲೇಖ (ಹೆಡರ್) ಇಂದಿಗೂ ಪ್ರತಿ ನೆಸ್ ಆಟದ ತಲೆಯ ಮೇಲಿದೆ. ಅದಕ್ಕೂ ಮೊದಲು ಜಪಾನಿನಲ್ಲಿ ಪಾಸೊಫಾಮಿ ಎಂಬ ಎಮ್ಯುಲೇಟರ್ ಇತ್ತು. ಅದರಲ್ಲಿ ಒಂದು ಆಟಕ್ಕೆ ಪ್ರೋಗ್ರಾಂ ಬೇರೆ ಫೈಲ್, ಚಿತ್ರ ಬೇರೆ ಫೈಲ್, ವಿವರ ಬೇರೆ ಫೈಲ್. ಫೈಝುಲ್ಲಿನ್ ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸಿ, ಮುಂದೆ 16 ಬೈಟ್‌ಗಳ ಪರಿಚಯ ಅಂಟಿಸಿದರು.

ಸೂಪರ್ ಮಾರಿಯೊ ಬ್ರದರ್ಸ್ ಫೈಲನ್ನು, ಬೈಟ್‌ಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ. ಸಾಲು ಹೀಗೆ ಆರಂಭವಾಗುತ್ತದೆ: 4ಇ 45 53 1ಎ 02 01 01 00. ಮೊದಲ ಮೂರು ಬೈಟ್‌ಗಳು ಎನ್, ಇ, ಎಸ್ ಅಕ್ಷರಗಳು. ನಾಲ್ಕನೆಯದು ಡಾಸ್ ಕಾಲದ, ಫೈಲ್ ಮುಗಿಯಿತು ಎನ್ನುವ ಗುರುತು. 02 ಎಂದರೆ 16 ಕಿಲೋಬೈಟ್‌ನ ಎರಡು ತುಂಡು ಪ್ರೋಗ್ರಾಂ, 01 ಎಂದರೆ 8 ಕಿಲೋಬೈಟ್‌ನ ಒಂದು ತುಂಡು ಚಿತ್ರ. ಒಟ್ಟು 40 ಕಿಲೋಬೈಟ್, ಅಂದರೆ 40,960 ಬೈಟ್. ಶಿರೋಲೇಖದ 16 ಸೇರಿಸಿದರೆ 40,976. ಆ ಸಾಲಿನಲ್ಲಿ ಉಳಿದ ಎರಡು ಬೈಟ್‌ಗಳು ಕಾರ್ಟ್ರಿಡ್ಜ್ ಒಳಗೆ ಯಾವ ಬಗೆಯ ಸರ್ಕ್ಯೂಟ್ ಇತ್ತು ಎಂಬುದನ್ನು ಹೇಳುತ್ತವೆ. ನೆಸ್ಟಿಕಲ್ ಓದುತ್ತಿದ್ದುದೂ ಇದನ್ನೇ. ಹಾಗಿರುವಾಗ ಶ್ರೇಯಸ್ಸೆಲ್ಲ ಒಬ್ಬರಿಗೇ ಏಕೆ?

ಹಳೆಯಪೆಂಟಿಯಮ್:

ಏಕೆಂದರೆ ಅದು ಓಡುತ್ತಿತ್ತು ಸ್ವಾಮಿ!

1997ರಲ್ಲಿ ನಮ್ಮ ಕಡೆ ಪೆಂಟಿಯಮ್ ಇದ್ದವರೇ ಶ್ರೀಮಂತರು. ನೆಸ್ಟಿಕಲ್ ಅದಕ್ಕಿಂತ ಹಳೆಯ 486 ಗಣಕದಲ್ಲೂ, ಬರೀ ಡಾಸ್ ಇದ್ದರೂ, ಶಬ್ದದ ಸಮೇತ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಮುಖ್ಯ ಭಾಗಗಳನ್ನು ಪ್ರೊಸೆಸರ್‌ಗೆ ನೇರ ಆಜ್ಞೆ ಕೊಡುವ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದರ ಫಲ ಅದು. ಮೌಸ್ ಗುರುತು ಎಂದರೆ ರಕ್ತ ಸುರಿಯುವ ಕತ್ತರಿಸಿದ ಕೈ. ಹೆಸರಂತೂ ಮನೆಯ ಹಿರಿಯರ ಮುಂದೆ ಬಿಡಿಸಿ ಹೇಳುವಂಥದ್ದಲ್ಲ. ಅಭಿರುಚಿಯ ಪ್ರಶ್ನೆ ಬೇರೆ ಇರಲಿ, ಆಟದ ಮಧ್ಯೆ ಒಂದು ಕೀಲಿ ಒತ್ತಿ ಆ ಕ್ಷಣವನ್ನು ಹಾಗೆಯೇ ಉಳಿಸಿಕೊಳ್ಳುವುದು, ಆಡಿದ್ದನ್ನು ಚಲನಚಿತ್ರದಂತೆ ದಾಖಲಿಸಿ ಮತ್ತೆ ನೋಡುವುದು, ಇವೆಲ್ಲ ಅದರಲ್ಲಿ ಆಗಲೇ ಇದ್ದವು. ಇನ್ನೊಂದನ್ನು ನೀವು ಮರೆತೇಬಿಟ್ಟಿರಿ: ಆಟ ನಡೆಯುತ್ತಿರುವಾಗಲೇ ಚಿತ್ರಗಳ ಕೋಷ್ಟಕವನ್ನು ಕಿಟಕಿಯಲ್ಲಿ ತೆರೆದು, ಮಾರಿಯೊನ ಟೋಪಿಯ ಚುಕ್ಕಿಗಳನ್ನು ಒಂದೊಂದಾಗಿ ಬದಲಿಸಿ ಆಟದ ಫೈಲಿಗೇ ಬರೆಯಬಹುದಾಗಿತ್ತು. ಆಟ ತಿದ್ದುವ ಹುಚ್ಚು ಸಾಮಾನ್ಯ ಹುಡುಗರಿಗೆ ಹಿಡಿದದ್ದು ಅಲ್ಲಿಂದ. ಯಾವ ದಾಖಲೆಯನ್ನೂ ಓದದ ಜನ ಯಂತ್ರದ ಹೊಟ್ಟೆಯೊಳಗೆ ಕೈ ಹಾಕುವಂತೆ ಮಾಡಿದ್ದು ಈ ತಂತ್ರಾಂಶ.

ನಮ್ಮ ಊರಿನ ಗಣಕ ತರಬೇತಿ ಕೇಂದ್ರದಲ್ಲಿ ಒಂದು ಫ್ಲಾಪಿ ಕೈಯಿಂದ ಕೈಗೆ ಓಡಾಡುತ್ತಿತ್ತು. 1.44 ಮೆಗಾಬೈಟ್‌ನಲ್ಲಿ ಎಮ್ಯುಲೇಟರ್ ಮತ್ತು ಜಿಪ್ ಮಾಡಿದ ಹತ್ತಾರು ಆಟಗಳು. ಮೇಷ್ಟ್ರು ಕೋಬಾಲ್ ಹೇಳಿಕೊಡಲು ಒದ್ದಾಡುತ್ತಿದ್ದರೆ ಹಿಂದಿನ ಸಾಲಿನಲ್ಲಿ ಕಾಂಟ್ರಾ ನಡೆಯುತ್ತಿತ್ತು. ಆ ಫ್ಲಾಪಿಯಲ್ಲಿ ಐನೆಸ್ ಇರಲಿಲ್ಲ.

ಎಂಟುಬಿಟ್:

ಜನಪ್ರಿಯತೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಅದೇ ವರ್ಷ ಫೆಬ್ರವರಿ 5ರಂದು ಇಟಲಿಯ ನಿಕೊಲಾ ಸಾಲ್ಮೊರಿಯಾ ಅವರು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಎಮ್ಯುಲೇಟರ್ ಮೇಮ್‌ನ ಮೊದಲ ಆವೃತ್ತಿಯನ್ನು ಬಿಟ್ಟರು. ಆರ್ಕೇಡ್ ಯಂತ್ರಗಳ ಒಳಗನ್ನು ದಾಖಲಿಸುವುದೇ ಉದ್ದೇಶ, ಆಟ ಆಡಲು ಆಗುತ್ತದೆ ಎಂಬುದು ಜೊತೆಗೆ ಸಿಕ್ಕ ಲಾಭ ಎಂದು ಆ ಯೋಜನೆ ಹೇಳಿಕೊಂಡು ಬಂದಿದೆ. ನೆಸ್ಟಿಕಲ್‌ನ ಮೂಲ ಕೋಡ್ ಮುಚ್ಚಿಟ್ಟದ್ದು. ಹೊರಬಿದ್ದದ್ದು ಕಳ್ಳತನವಾದ ಮೇಲೆ. ಮೇಮ್‌ನ ಕೋಡ್ ಎಲ್ಲರ ಕಣ್ಣ ಮುಂದಿತ್ತು. ಈಗ ಯಾವುದು ಉಳಿದಿದೆ, ನೀವೇ ನೋಡಿ.

ಸೊನ್ನೆಒಂದು:

ಇಬ್ಬರೂ ಯಾರು ದೊಡ್ಡವರು ಎಂದು ಜಗಳವಾಡುತ್ತಿದ್ದೀರಿ. ಕೆಲಸ ಎಲ್ಲಿ ಕಷ್ಟವಿತ್ತು ಎಂದು ಯಾರೂ ಹೇಳುತ್ತಿಲ್ಲ. ಆದ್ದರಿಂದ ಒಂದೇ ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸುತ್ತೇನೆ.

ನೆಸ್‌ನ ಪ್ರೊಸೆಸರ್ ಮಾಡಿದ್ದು ರಿಕೋ ಕಂಪನಿ. ಅದರ ತಿರುಳು 6502, ಆಪಲ್ 2 ಮತ್ತು ಕೊಮೊಡೋರ್ ಕಾಲದ ಪ್ರಸಿದ್ಧ ಚಿಪ್. ಅದರ ಎಲ್ಲ ಆಜ್ಞೆಗಳೂ ಪುಸ್ತಕಗಳಲ್ಲಿ ಅಚ್ಚಾಗಿದ್ದವು. ಹಾಗಾಗಿ ಪ್ರೊಸೆಸರ್ ಅನುಕರಿಸುವುದು ಶ್ರಮದ ಕೆಲಸವೇ ಹೊರತು ಒಗಟಲ್ಲ. ಒಗಟು ಇದ್ದದ್ದು ಚಿತ್ರ ಬಿಡಿಸುವ ಪಿಪಿಯು ಚಿಪ್‌ನಲ್ಲಿ. ಅದರ ಬಗ್ಗೆ ನಿಂಟೆಂಡೊ ಹೊರಗಿನವರಿಗೆ ಏನನ್ನೂ ಹೇಳಿರಲಿಲ್ಲ.

ಮಾರಿಯೊ ಆಟದ ಮೇಲ್ತುದಿಯಲ್ಲಿ ಅಂಕ, ನಾಣ್ಯ, ಸಮಯ ತೋರಿಸುವ ಪಟ್ಟಿ ಕದಲದೆ ನಿಂತಿರುತ್ತದೆ. ಕೆಳಗಿನ ನೆಲ ಮಾತ್ರ ಎಡಕ್ಕೆ ಸರಿಯುತ್ತದೆ. ಆದರೆ ಪಿಪಿಯುಗೆ ಇರುವುದು ಒಂದೇ ಹಿನ್ನೆಲೆ, ಅದು ಎಷ್ಟು ಸರಿಯಬೇಕು ಎನ್ನುವ ಒಂದೇ ಸರಿಕೆಯ ಬೆಲೆ. ಹಾಗಾದರೆ ಅರ್ಧ ನಿಂತು ಅರ್ಧ ಚಲಿಸುವುದು ಹೇಗೆ? ಆಟ ಬರೆದವರು ಸೊನ್ನೆಯ ಸಂಖ್ಯೆಯ ಸ್ಪ್ರೈಟನ್ನು (ಹಿನ್ನೆಲೆಯಿಂದ ಬೇರೆಯಾಗಿ ಚಲಿಸಬಲ್ಲ ಸಣ್ಣ ಚಿತ್ರ) ಪಟ್ಟಿಯಲ್ಲಿರುವ ಪುಟ್ಟ ನಾಣ್ಯದ ಚಿತ್ರದ ಹಿಂದೆ ಅಡಗಿಸಿಟ್ಟರು. ಟಿವಿಯ ಕಿರಣ ಸಾಲು ಸಾಲಾಗಿ ಇಳಿಯುತ್ತ ಬಂದು, ಆ ಸ್ಪ್ರೈಟಿನ ಒಂದು ಚುಕ್ಕಿ ಹಿನ್ನೆಲೆಯ ಚುಕ್ಕಿಯ ಮೇಲೆ ಬಿದ್ದ ಕ್ಷಣಕ್ಕೆ ಪಿಪಿಯು ಒಂದು ಬಿಟ್ಟನ್ನು ಎತ್ತಿ ನಿಲ್ಲಿಸುತ್ತದೆ. ಪ್ರೊಸೆಸರ್ ಆ ಬಿಟ್ ಏಳುವವರೆಗೂ ಬೇರೇನೂ ಮಾಡದೆ ಅದನ್ನೇ ಓದುತ್ತ ಕೂರುತ್ತದೆ. ಎದ್ದ ಕೂಡಲೇ ಸರಿಕೆಯ ಬೆಲೆ ಬದಲಿಸುತ್ತದೆ. ಅಲ್ಲಿಂದ ಕೆಳಗಿನದು ಚಲಿಸುತ್ತದೆ.

ಎಮ್ಯುಲೇಟರ್ ಬರೆಯುವವನಿಗೆ ಈ ಬಿಟ್‌ನ ಸುದ್ದಿಯೇ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಬಿಟ್ ಏಳುವುದೇ ಇಲ್ಲ. ಮಾರಿಯೊ ಮೊದಲ ಪರದೆಯಲ್ಲೇ ಹೆಪ್ಪುಗಟ್ಟುತ್ತಾನೆ. ಬರೆದವನು ತನ್ನ ಪ್ರೊಸೆಸರ್ ಕೋಡ್‌ನಲ್ಲಿ ತಪ್ಪು ಹುಡುಕುತ್ತ ರಾತ್ರಿ ಕಳೆಯುತ್ತಾನೆ.

ಲೆಕ್ಕವೂ ಇದೆ. ಒಂದು ಸಾಲಿಗೆ ಪಿಪಿಯು 341 ಚುಕ್ಕಿಗಳ ಸಮಯ ತೆಗೆದುಕೊಳ್ಳುತ್ತದೆ, ಪ್ರೊಸೆಸರ್‌ನ ಒಂದು ಗಡಿಯಾರದ ಬಡಿತಕ್ಕೆ ಮೂರು ಚುಕ್ಕಿ. ಅಂದರೆ ಸಾಲಿಗೆ ಸುಮಾರು 113.67 ಬಡಿತ. ಆ ಭಿನ್ನರಾಶಿ ಎಲ್ಲರ ತಲೆ ತಿಂದಿದೆ. ಮೊದಮೊದಲ ಎಮ್ಯುಲೇಟರ್‌ಗಳು ಒಂದು ಸಾಲಿನಷ್ಟು ಪ್ರೊಸೆಸರ್ ಓಡಿಸಿ, ಆಮೇಲೆ ಆ ಸಾಲನ್ನು ಒಟ್ಟಿಗೇ ಬಿಡಿಸುತ್ತಿದ್ದವು. ಹೆಚ್ಚಿನ ಆಟಗಳಿಗೆ ಅಷ್ಟು ಸಾಕು. ಸಾಲಿನ ನಟ್ಟನಡುವೆ ಚೇಷ್ಟೆ ಮಾಡುವ ಆಟಗಳಿಗೆ ಸಾಲದು.

ಸರಿಕೆಯ ಒಳಲೆಕ್ಕವನ್ನು ಪೂರ್ತಿ ಬಿಡಿಸಿ ಬರೆದದ್ದು ಲೂಪಿ ಎಂಬ ಹೆಸರಿನವರು, 1999ರಲ್ಲಿ. ಕೆಲವೇ ಪುಟಗಳ ಸಾದಾ ಪಠ್ಯ. ಅದು ಬಂದ ಮೇಲೆ ಎಷ್ಟೋ ಎಮ್ಯುಲೇಟರ್‌ಗಳಲ್ಲಿದ್ದ ಆಟಕ್ಕೊಂದು ತೇಪೆಯ ಕೋಡನ್ನು ಕಿತ್ತೆಸೆಯಲು ಸಾಧ್ಯವಾಯಿತು. ಈ ವಿಷಯದಲ್ಲಿ ನನ್ನ ಮತ ಎಂಟುಬಿಟ್ ಅವರ ಕಡೆಗೆ.

ಕುತೂಹಲಿ:

ನಾನು ಹುಟ್ಟಿದ್ದೇ ನೀವೆಲ್ಲ ಹೇಳುತ್ತಿರುವ ಕಾಲದ ನಂತರ. ಒಂದು ಮೂಲಭೂತ ಪ್ರಶ್ನೆ: ಕಾರ್ಟ್ರಿಡ್ಜ್‌ನಲ್ಲಿದ್ದ ಆಟ ಫೈಲ್ ಆದದ್ದು ಹೇಗೆ? ಯಾರು ಮಾಡಿದರು? ಹಳೆಯ ಜಾಲತಾಣಗಳ ಉಳಿಕೆಗಳಲ್ಲಿ "24 ಗಂಟೆಯೊಳಗೆ ಅಳಿಸಿ" ಎಂದು ಬರೆದಿರುವುದನ್ನು ನೋಡಿದ್ದೇನೆ. ಹಾಗೊಂದು ಕಾನೂನು ನಿಜವಾಗಿ ಇತ್ತೇ? ಆಟಗಳು ಎಲ್ಲಿ ಸಿಗುತ್ತವೆ ಎಂದೂ ಯಾರಾದರೂ ಹೇಳಿದರೆ ಉಪಕಾರ.

ನಿರ್ವಾಹಕ:

ಕೊನೆಯ ವಾಕ್ಯಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ಯಾರೂ ಕೊಂಡಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ ಎಂದೂ ಬರೆಯಬೇಡಿ. ಉಳಿದ ಪ್ರಶ್ನೆಗಳು ಒಳ್ಳೆಯವು, ಮುಂದುವರಿಸಿ.

ಹಳೆಯಪೆಂಟಿಯಮ್:

ನಿರ್ವಾಹಕರೇ, ಈ ನಿಯಮಕ್ಕೆ ನಿಮಗಿಂತ ಹೆಚ್ಚು ವಯಸ್ಸಾಗಿದೆ. ಐಆರ್‌ಸಿ ಎಂಬ ಹರಟೆಯ ಚಾನೆಲ್‌ಗಳಲ್ಲಿ "ಆಟ ಎಲ್ಲಿ ಸಿಗುತ್ತದೆ" ಎಂದು ಕೇಳಿದವನನ್ನು ಮರುಮಾತಿಲ್ಲದೆ ಹೊರಗೆ ಹಾಕುತ್ತಿದ್ದರು. ಜೋಫರ್ಸ್ ಡೊಮೇನ್, ಡೇವ್ಸ್ ವಿಡಿಯೊ ಗೇಮ್ ಕ್ಲಾಸಿಕ್ಸ್ ಮುಂತಾದ ತಾಣಗಳನ್ನು ದಿನಕ್ಕೊಮ್ಮೆ ತೆರೆದು ಯಾವ ಎಮ್ಯುಲೇಟರ್‌ನ ಹೊಸ ಆವೃತ್ತಿ ಬಂತು ಎಂದು ನೋಡುವುದು ನಮಗೆ ಪತ್ರಿಕೆ ಓದಿದಷ್ಟೇ ಅಭ್ಯಾಸ.

ಕುತೂಹಲಿ, ಫೈಲ್‌ಗಳ ಮೂಲ ಎಮ್ಯುಲೇಟರ್‌ಗಿಂತ ಹಳೆಯದು. ತೊಂಬತ್ತರ ದಶಕದ ಆರಂಭದಲ್ಲೇ ಸೂಪರ್ ಮ್ಯಾಜಿಕಾಮ್, ಸೂಪರ್ ವೈಲ್ಡ್ ಕಾರ್ಡ್, ಗೇಮ್ ಡಾಕ್ಟರ್ ಎಂಬ ನಕಲು ಯಂತ್ರಗಳು ಪೂರ್ವ ಏಷ್ಯಾದ ಮಾರುಕಟ್ಟೆಯಲ್ಲಿದ್ದವು. ಕನ್ಸೋಲ್‌ನ ತಲೆಯ ಮೇಲೆ ಕೂರಿಸಿ, ಅದರ ಮೇಲೆ ಕಾರ್ಟ್ರಿಡ್ಜ್ ಇಟ್ಟರೆ ಆಟವನ್ನು ಫ್ಲಾಪಿಗೆ ಇಳಿಸುತ್ತಿದ್ದವು. ಫ್ಲಾಪಿಯಿಂದ ಮತ್ತೆ ಅದೇ ಕನ್ಸೋಲ್‌ನಲ್ಲಿ ಆಡುವುದು ಉದ್ದೇಶ. ಸೂಪರ್ ನಿಂಟೆಂಡೊ ಫೈಲ್‌ಗಳಿಗೆ ಎಸ್ಎಂಸಿ ಎಂಬ ಬಾಲ ಬಂದದ್ದು ಸೂಪರ್ ಮ್ಯಾಜಿಕಾಮ್ ಹೆಸರಿನಿಂದ. ಆ ಯಂತ್ರಗಳು ತಮ್ಮ ಅನುಕೂಲಕ್ಕೆ ಫೈಲಿನ ಮುಂದೆ 512 ಬೈಟ್ ಸೇರಿಸುತ್ತಿದ್ದವು. ಯಂತ್ರಗಳು ಹೋದವು, 512 ಬೈಟ್ ಮಾತ್ರ ಹೋಗಲಿಲ್ಲ. ಆಟದ ಭಾಷೆ ಬದಲಿಸುವ ಅನುವಾದದ ತೇಪೆ ಹಾಕುವಾಗ "ನಿಮ್ಮ ಫೈಲಿಗೆ ಶಿರೋಲೇಖ ಇದೆಯೋ ಇಲ್ಲವೋ" ಎಂಬ ಪ್ರಶ್ನೆಯಲ್ಲಿ ಒಂದು ತಲೆಮಾರೇ ಸೋತು ಸುಣ್ಣವಾಗಿದೆ.

ಶಿರೋಲೇಖವನ್ನು ಇಷ್ಟು ಹೊಗಳಿದ ಎಂಟುಬಿಟ್ ಅವರಿಗೆ ಡಿಸ್ಕ್‌ಡ್ಯೂಡ್ ನೆನಪಿದೆಯೇ? ನೆಸ್ ಫೈಲ್‌ಗಳನ್ನು ಜೋಡಿಸುವ ಒಂದು ಸಣ್ಣ ಉಪಕರಣ, ಖಾಲಿ ಬಿಟ್ಟಿದ್ದ ಕೊನೆಯ ಒಂಬತ್ತು ಬೈಟ್‌ಗಳಲ್ಲಿ ತನ್ನ ಕರ್ತೃವಿನ ಹೆಸರನ್ನು ಆಶ್ಚರ್ಯಸೂಚಕದ ಸಮೇತ ಬರೆದುಕೊಳ್ಳುತ್ತಿತ್ತು. ಆಮೇಲೆ ಆ ಖಾಲಿ ಜಾಗದ ಮೊದಲ ಬೈಟಿಗೆ ಅರ್ಥ ಬಂತು: ಸರ್ಕ್ಯೂಟ್ ಸಂಖ್ಯೆಯ ಮೇಲಿನ ಅರ್ಧ. ಡಿ ಅಕ್ಷರದ ಹೆಕ್ಸ್ ಬೆಲೆ 44. ಅಲ್ಲಿಗೆ ಸಂಖ್ಯೆಗೆ ಸುಮ್ಮನೆ 64 ಕೂಡಿಕೊಂಡಿತು. 1ನೆಯ ಬಗೆಯ ಕಾರ್ಟ್ರಿಡ್ಜ್ 65ನೆಯದಾಗಿ ಕಾಣುತ್ತಿತ್ತು, ಆಟ ಏಳುತ್ತಿರಲಿಲ್ಲ. ನಿಮ್ಮ ದಾಖಲೆಯ ಜಗತ್ತೂ ಅಂಥ ಮಡಿಯದೇನಲ್ಲ.

ಕರಾವಳಿವಕೀಲ:

24 ಗಂಟೆಯ ಮಾತು ಶುದ್ಧ ಕಟ್ಟುಕಥೆ. ಯಾವ ದೇಶದ ಯಾವ ಕಲಮಿನಲ್ಲೂ ಅದು ಇಲ್ಲ. ಒಬ್ಬರ ತಾಣದಿಂದ ಮತ್ತೊಬ್ಬರು ನಕಲು ಮಾಡಿಕೊಂಡು, ಕೊನೆಗೆ ಎಲ್ಲರೂ ನಂಬಿದರು.

ಕಾನೂನಿನ ನಿಜವಾದ ಕಥೆ 1999ರಲ್ಲಿ ಶುರು. ಆ ಜನವರಿಯಲ್ಲಿ ಮ್ಯಾಕ್‌ವರ್ಲ್ಡ್ ಸಮಾವೇಶದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಅವರೇ ಕನೆಕ್ಟಿಕ್ಸ್ ಕಂಪನಿಯ ವರ್ಚುವಲ್ ಗೇಮ್ ಸ್ಟೇಷನ್ ಅನ್ನು ತೋರಿಸಿದರು. 49 ಡಾಲರ್ ಕೊಟ್ಟರೆ ಮ್ಯಾಕ್‌ನಲ್ಲಿ ಪ್ಲೇಸ್ಟೇಷನ್ ಆಟ. ತಿಂಗಳು ಮುಗಿಯುವುದರೊಳಗೆ ಸೋನಿ ನ್ಯಾಯಾಲಯಕ್ಕೆ ಹೋಯಿತು. ಕೆಳಗಿನ ನ್ಯಾಯಾಲಯ ಮಾರಾಟಕ್ಕೆ ತಡೆ ಕೊಟ್ಟಿತು. 2000ದ ಫೆಬ್ರವರಿ 10ರಂದು ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿತು. ವಿವಾದದ ಬಿಂದು ಬಹಳ ಸೂಕ್ಷ್ಮ. ಕನೆಕ್ಟಿಕ್ಸ್ ಮಾರಿದ ಡಿಸ್ಕ್‌ನಲ್ಲಿ ಸೋನಿಯ ಕೋಡ್ ಒಂದು ಸಾಲೂ ಇರಲಿಲ್ಲ. ಆದರೆ ಅದನ್ನು ತಯಾರಿಸುವಾಗ ಎಂಜಿನಿಯರ್‌ಗಳು ಸೋನಿಯ ಬಯೋಸ್ ಅನ್ನು, ಅಂದರೆ ಯಂತ್ರದೊಳಗೇ ಇರುವ ಮೂಲ ತಂತ್ರಾಂಶವನ್ನು, ಮತ್ತೆ ಮತ್ತೆ ನಕಲು ಮಾಡಿ ಪರೀಕ್ಷಿಸಿದ್ದರು. ಆ ನಡುವಿನ ನಕಲು ತಪ್ಪೇ ಎಂಬುದು ಪ್ರಶ್ನೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಬೇರೆ ದಾರಿ ಇಲ್ಲದಿರುವಾಗ ಅದು ನ್ಯಾಯಸಮ್ಮತ ಬಳಕೆ ಎಂದಿತು ನ್ಯಾಯಾಲಯ. ಸೆಗಾ ವಿರುದ್ಧ ಆ್ಯಕೊಲೇಡ್ ಎಂಬ 1992ರ ತೀರ್ಪು ಇದಕ್ಕೆ ಬುನಾದಿ.

ಗೆದ್ದವರು ಉಳಿದರೇ? 2001ರಲ್ಲಿ ಸೋನಿ ಆ ಉತ್ಪನ್ನವನ್ನೇ ಕನೆಕ್ಟಿಕ್ಸ್‌ನಿಂದ ಕೊಂಡು ಮುಚ್ಚಿಹಾಕಿತು. ಬ್ಲೀಮ್ ಎಂಬ ಇನ್ನೊಂದು ಕಂಪನಿ, ರ‍್ಯಾಂಡಿ ಲಿಂಡೆನ್ ಮತ್ತು ಡೇವಿಡ್ ಹೆರ್ಪಲ್‌ಶೈಮರ್ ಅವರದು, ಸೋನಿಯ ವಿರುದ್ಧ ನ್ಯಾಯಾಲಯದಲ್ಲಿ ಗಟ್ಟಿಯಾಗಿಯೇ ನಿಂತಿತು. ವಕೀಲರ ಖರ್ಚು ತಾಳಲಾರದೆ ಅದೇ ವರ್ಷದ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ನಮ್ಮ ವೃತ್ತಿಗೆ ಇದು ಶೋಭೆಯಲ್ಲ, ಆದರೆ ನಡೆದದ್ದು ಹಾಗೆ.

ನಮ್ಮ ದೇಶದ ಮಾತು ಕೇಳುವವರಿಗೆ: 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮಿಗೆ 1999ರ ತಿದ್ದುಪಡಿಯಲ್ಲಿ ಕೆಲವು ಉಪಕಲಮುಗಳು ಸೇರಿದವು. ಸ್ವತಂತ್ರವಾಗಿ ಬರೆದ ಪ್ರೋಗ್ರಾಂ ಇನ್ನೊಂದರ ಜೊತೆ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿಯನ್ನು, ಅದು ಬೇರೆಡೆ ಸುಲಭವಾಗಿ ಸಿಗದಿದ್ದರೆ, ಪಡೆಯುವ ಕೆಲಸ ಉಲ್ಲಂಘನೆಯಲ್ಲ ಎನ್ನುತ್ತದೆ ಒಂದು. ಎಮ್ಯುಲೇಟರ್ ಬರೆಯುವವನಿಗೆ ಇದು ಆಸರೆ. ಆಟದ ಫೈಲ್ ಇಳಿಸಿಕೊಳ್ಳುವವನಿಗೆ ಅಲ್ಲ. ಈ ಎರಡನ್ನು ಬೆರೆಸಿ ವಾದಿಸುವವರೇ ಹೆಚ್ಚು.

ವೂಡೂಕಾರ್ಡ್:

1999ರ ಜನವರಿ ಎಂದರೆ ನಿಂಟೆಂಡೊ 64ರ ಎಮ್ಯುಲೇಟರ್ ಅಲ್ಟ್ರಾಎಚ್ಎಲ್‌ಇ ಹೇಳದೆ ಬಿಡಲಾಗುವುದಿಲ್ಲ. ನಿಂಟೆಂಡೊ 64 ಆಗ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಯಂತ್ರ. ಓಕರಿನಾ ಆಫ್ ಟೈಮ್ ಬಂದು ಎರಡು ತಿಂಗಳಷ್ಟೇ ಆಗಿತ್ತು. ಜನವರಿ 28ರಂದು ಎಪ್ಸಿಲಾನ್ ಮತ್ತು ರಿಯಾಲಿಟಿಮ್ಯಾನ್ ಎಂಬ ಇಬ್ಬರು ಒಂದು ಪುಟ್ಟ ಫೈಲ್ ಬಿಟ್ಟರು. 3ಡಿಎಫ್ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಕಾರ್ಡ್ ಇದ್ದವನ ಗಣಕದಲ್ಲಿ ಮಾರಿಯೊ 64 ಆಡುವಷ್ಟು ವೇಗದಲ್ಲಿ ಓಡಿತು. ಅದೂ ಮೂಲ ಯಂತ್ರಕ್ಕಿಂತ ಸ್ಪಷ್ಟವಾದ ಚಿತ್ರದೊಂದಿಗೆ. ಕೆಲವೇ ಗಂಟೆಗಳಲ್ಲಿ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಅದು ಜಗತ್ತನ್ನು ಸುತ್ತಿಯಾಗಿತ್ತು.

ಗುಟ್ಟು ಏನೆಂದರೆ ಅವರು ಚಿಪ್ ಅನ್ನು ಬಡಿತ ಬಡಿತವಾಗಿ ಅನುಕರಿಸಲೇ ಇಲ್ಲ. ಆಟ ಗ್ರಾಫಿಕ್ಸ್ ಚಿಪ್‌ಗೆ "ಈ ತ್ರಿಕೋನ ಬಿಡಿಸು" ಎಂದು ಕಳುಹಿಸುವ ಕೆಲಸದ ಪಟ್ಟಿಯನ್ನು ದಾರಿಯಲ್ಲೇ ತಡೆದು, ಅದನ್ನು ವೂಡೂ ಕಾರ್ಡಿನ ಗ್ಲೈಡ್ ಭಾಷೆಗೆ ತಿರುಗಿಸಿದರು. ಆಟ ಏನು ಮಾಡಬಯಸುತ್ತದೆ ಎಂದು ಗೊತ್ತಾದರೆ ಯಂತ್ರ ಅದನ್ನು ಹೇಗೆ ಮಾಡುತ್ತಿತ್ತು ಎಂಬುದನ್ನು ಬಿಟ್ಟುಬಿಡಬಹುದು. ಸೊನ್ನೆಒಂದು ಅವರ 113.67 ಬಡಿತಗಳ ಲೆಕ್ಕ ಹಿಡಿದು ಕುಳಿತಿದ್ದರೆ ಆ ಕಾಲದ ಪೆಂಟಿಯಮ್ 2ರಲ್ಲಿ ನಿಂಟೆಂಡೊ 64 ತೆವಳುತ್ತಿತ್ತು. ನನ್ನ ಮತ ಹಳೆಯಪೆಂಟಿಯಮ್ ಅವರಿಗೆ.

ಎಂಟುಬಿಟ್:

ಆ ಜಾಣತನದ ಬೆಲೆಯನ್ನು ಮುಂದಿನವರು ತೆತ್ತರು. ನಿಂಟೆಂಡೊ 64 ಎಮ್ಯುಲೇಶನ್ ವರ್ಷಗಟ್ಟಲೆ ಒಂದೊಂದು ಆಟಕ್ಕೂ ಬೇರೆ ಪ್ಲಗ್-ಇನ್, ಬೇರೆ ಹೊಂದಾಣಿಕೆ ಎಂಬ ಗೋಜಲಿನಲ್ಲಿ ಸಿಕ್ಕಿಕೊಂಡಿತು. ವೇಗಕ್ಕಾಗಿ ಸತ್ಯ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನನ್ನ ಬಳಿ ಇನ್ನೂ ಒಳ್ಳೆಯ ಸಾಕ್ಷಿ ಇದೆ: ಜಡ್‌ಎಸ್‌ಎನ್‌ಇಎಸ್.

1997ರ ಅಕ್ಟೋಬರ್‌ನಲ್ಲಿ ಬಂದ ಈ ಸೂಪರ್ ನಿಂಟೆಂಡೊ ಎಮ್ಯುಲೇಟರ್ ಬಹುಪಾಲು ಅಸೆಂಬ್ಲಿಯಲ್ಲೇ ಇತ್ತು, ಬಹಳ ವೇಗ. ನೀಲಿ ಮೆನುವಿನ ಮೇಲೆ ಹಿಮ ಬೀಳುವುದನ್ನು ಇಲ್ಲಿ ಎಲ್ಲರೂ ನೋಡಿರುತ್ತೀರಿ. ನಿಜವಾದ ಯಂತ್ರದಲ್ಲಿ ಪರದೆ ಬಿಡಿಸುತ್ತಿರುವಾಗ ಚಿತ್ರದ ಸ್ಮೃತಿಗೆ ಬರೆಯಲು ಹೋದರೆ ಬರೆದದ್ದು ಬಿದ್ದುಹೋಗುತ್ತದೆ. ಜಡ್‌ಎಸ್‌ಎನ್‌ಇಎಸ್‌ನಲ್ಲಿ ಯಾವಾಗ ಬರೆದರೂ ನಡೆಯುತ್ತಿತ್ತು. ಹವ್ಯಾಸಿ ಅನುವಾದಕರು ಮತ್ತು ಆಟ ತಿದ್ದುವವರು ತಮ್ಮ ಕೆಲಸವನ್ನು ಇದರಲ್ಲೇ ಪರೀಕ್ಷಿಸಿದರು. ಸೂಪರ್ ಮಾರಿಯೊ ವರ್ಲ್ಡ್‌ಗೆ ಹೊಸ ಸಂಗೀತ ಸೇರಿಸಿದವರೂ ಹಾಗೆಯೇ. ಪ್ರತಿಧ್ವನಿಗೆ ಮೀಸಲಾದ ಸ್ಮೃತಿಯನ್ನು ಅದು ಸರಿಯಾಗಿ ಅನುಕರಿಸುತ್ತಿರಲಿಲ್ಲ. ಫಲವಾಗಿ ಎಷ್ಟೋ ಕೃತಿಗಳು ಎಮ್ಯುಲೇಟರ್‌ನಲ್ಲಿ ಚೆನ್ನಾಗಿ, ನಿಜವಾದ ಕನ್ಸೋಲ್‌ನಲ್ಲಿ ಕಪ್ಪು ಪರದೆಯಾಗಿ ಉಳಿದವು. ಅವರು ಆಟ ಬರೆದದ್ದು ಸೂಪರ್ ನಿಂಟೆಂಡೊಗೆ ಅಲ್ಲ, ಜಡ್‌ಎಸ್‌ಎನ್‌ಇಎಸ್ ಎಂಬ ಎಲ್ಲೂ ಇಲ್ಲದ ಯಂತ್ರಕ್ಕೆ.

ಇದನ್ನು ನೇರಮಾಡಲು ಹೊರಟವರು ನಿಯರ್. ಮೊದಲಿನ ಹೆಸರು ಬಿಯು. ಅವರ ಬಿಎಸ್‌ಎನ್‌ಇಎಸ್ 2004ರ ಸುಮಾರಿಗೆ ಆರಂಭವಾದಾಗ "ಇಷ್ಟು ನಿಧಾನದ್ದು ಯಾರಿಗೆ ಬೇಕು" ಎಂದು ನಕ್ಕವರೇ ಹೆಚ್ಚು. 2011ರ ಲೇಖನವೊಂದರಲ್ಲಿ ಅವರೇ ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ಸ್ಪೀಡಿ ಗೊನ್ಸಾಲೆಸ್ ಎಂಬ ಅಷ್ಟೇನೂ ಹೆಸರಿಲ್ಲದ ಆಟವೊಂದಿದೆ. ಅದರ 6-1ನೆಯ ಹಂತದಲ್ಲಿ ಒಂದು ಗುಂಡಿ ತುಳಿದರೆ ಆಟ ಯಾವ ಚಿಪ್ಪೂ ಉತ್ತರಿಸದ ವಿಳಾಸವೊಂದನ್ನು ಓದುತ್ತ ಕೂರುತ್ತದೆ. ನಿಜವಾದ ಯಂತ್ರದಲ್ಲಿ ತಂತಿಗಳ ಮೇಲೆ ಕೊನೆಯದಾಗಿ ಓಡಿದ ಬೆಲೆ ಹಾಗೆಯೇ ಉಳಿದಿರುತ್ತದೆ, ಒಂದು ಕ್ಷಣದಲ್ಲಿ ಅದು ಬದಲಾಗಿ ಆಟ ಮುಂದೆ ಸಾಗುತ್ತದೆ. ಎಮ್ಯುಲೇಟರ್‌ಗಳಲ್ಲಿ ಅಲ್ಲಿಗೇ ನಿಂತುಹೋಗುತ್ತಿತ್ತು. ಆ ಒಂದು ಗುಂಡಿಗಾಗಿ ಇಡೀ ಯಂತ್ರದ ಬಡಿತಗಳ ಲೆಕ್ಕ ಸರಿಯಾಗಬೇಕಿತ್ತು. ಪೂರ್ಣ ನಿಖರತೆಗೆ 3 ಗಿಗಾಹರ್ಟ್ಸ್ ಪ್ರೊಸೆಸರ್ ಬೇಕು ಎಂದು ಅದೇ ಲೇಖನದಲ್ಲಿ ಬರೆದರು. ಮೂಲ ಯಂತ್ರದ ವೇಗ 3.58 ಮೆಗಾಹರ್ಟ್ಸ್!

2021ರ ಜೂನ್‌ನಲ್ಲಿ ನಿಯರ್ ತೀರಿಕೊಂಡರು. ಆನ್‌ಲೈನ್ ಕಿರುಕುಳದ ಬಗ್ಗೆ ಅವರು ಬರೆದುಕೊಂಡದ್ದನ್ನು ಓದಿದವರಿಗೆ ಈ ಸಮುದಾಯದ ಇನ್ನೊಂದು ಮುಖವೂ ಗೊತ್ತಿದೆ. ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ಕುತೂಹಲಿ:

ನಿಂಟೆಂಡೊ ಕಂಪನಿಯೇ ಅಂತರಜಾಲದಿಂದ ತನ್ನ ಆಟವನ್ನು ಇಳಿಸಿಕೊಂಡು ವೀ ಯಂತ್ರದ ವರ್ಚುವಲ್ ಕನ್ಸೋಲ್ ಎಂಬ ಹಳೆಯ ಆಟಗಳ ಮಳಿಗೆಯಲ್ಲಿ ಮಾರಿತು ಎಂದು ಓದಿದ್ದೇನೆ. ಅದರೊಳಗೆ ಐನೆಸ್ ಶಿರೋಲೇಖ ಸಿಕ್ಕಿತಂತೆ. ಹೌದೇ?

ಸೊನ್ನೆಒಂದು:

ಶಿರೋಲೇಖ ಸಿಕ್ಕಿದ್ದು ನಿಜ. ಫ್ರ್ಯಾಂಕ್ ಸಿಫಾಲ್ಡಿ ಅವರು 2016ರ ಆಟ ತಯಾರಕರ ಸಮಾವೇಶದಲ್ಲಿ ಅದನ್ನು ತೋರಿಸಿದ ಮೇಲೆ ಸುದ್ದಿ ಹಬ್ಬಿತು. ಆದರೆ "ಇಳಿಸಿಕೊಂಡರು" ಎಂಬುದು ಅದರಿಂದ ಸಾಬೀತಾಗುವುದಿಲ್ಲ. ಒಂದೇ ಕಾರ್ಟ್ರಿಡ್ಜ್‌ನ ಪ್ರತಿಯನ್ನು ಯಾರೇ ಸರಿಯಾಗಿ ತೆಗೆದರೂ ಬೈಟ್‌ಗಳು ಒಂದೇ ಆಗಿರುತ್ತವೆ. ಅದೇ 16 ಬೈಟ್‌ಗಳ ವಿಧಾನವನ್ನು ಬಳಸಿದರೆ ಶಿರೋಲೇಖವೂ ಒಂದೇ. ಸಂಬಳವಿಲ್ಲದ ಹವ್ಯಾಸಿಗಳ ಮಾನದಂಡ ಮೂಲ ಕಂಪನಿಯ ಒಳಗೂ ಹೊಕ್ಕಿತ್ತು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ತಾಳಲಯ:

ನಾನು ಆಟದವನಲ್ಲ, ಸಂಗೀತದವನು. ನಿಮ್ಮ ತಾಂತ್ರಿಕ ಜಗಳ ಅರ್ಧ ಅರ್ಥವಾಯಿತು. ನನಗೊಂದು ಗೊಂದಲವಿದೆ, ಯಾರಾದರೂ ಬಿಡಿಸಿದರೆ ಸಂತೋಷ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ ಇತ್ತು, ಹಳದಿ ಕಾರ್ಟ್ರಿಡ್ಜ್‌ನದು. ಮಾರಿಯೊನ ರಾಗ ಆಗಿನಿಂದ ಕಿವಿಯಲ್ಲಿ ಕುಳಿತಿದೆ. ಈಗ ಎಮ್ಯುಲೇಟರ್‌ನಲ್ಲಿ ಕೇಳಿದರೆ ಶ್ರುತಿ ಅದೇ, ಕಾಲ ಮಾತ್ರ ಚುರುಕು. ಟೇಪನ್ನು ವೇಗವಾಗಿ ಓಡಿಸಿದರೆ ಶ್ರುತಿಯೂ ಏರಬೇಕು, ಇಲ್ಲಿ ಏರಿಲ್ಲ. ಜೊತೆಗೆ ನಾದದ ಬಣ್ಣವೂ ಬೇರೆ. ಆಗ ಕೊಳಲಿನಂತೆ ಟೊಳ್ಳಾಗಿ ಕೇಳುತ್ತಿದ್ದ ಸ್ವರಗಳು ಈಗ ಮೂಗಿನಿಂದ ಬಂದಂತೆ ಕೇಳುತ್ತವೆ. ಎಮ್ಯುಲೇಟರ್ ತಪ್ಪೋ, ನನ್ನ ನೆನಪು ತಪ್ಪೋ?

ಸೊನ್ನೆಒಂದು:

ಈ ಇಡೀ ಚರ್ಚೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ. ಎರಡೂ ತಪ್ಪಿಲ್ಲ. ನಿಮ್ಮ ಕಿವಿ ಮೂವತ್ತು ವರ್ಷದ ಹಿಂದಿನ ಚಿಪ್ ಗುಣವನ್ನು ಸರಿಯಾಗಿಯೇ ಹಿಡಿದಿದೆ.

ನಮ್ಮ ಊರುಗಳಲ್ಲಿ ನೂರಕ್ಕೆ ನೂರು ಎನ್ನುವಷ್ಟು ಮನೆಗಳಲ್ಲಿ ಇದ್ದದ್ದು ನೆಸ್‌ನ ಜಪಾನಿನ ರೂಪವಾದ ಫ್ಯಾಮಿಕಾಮ್‌ನ ತದ್ರೂಪಿಗಳು. ಒಳಗಿನ ಚಿಪ್‌ಗಳೂ ತೈವಾನ್ ಕಡೆಯ ನಕಲು. ಅಮೆರಿಕ ಮತ್ತು ಜಪಾನ್‌ನ ಟಿವಿ ಸೆಕೆಂಡಿಗೆ 60 ಬಾರಿ ಚಿತ್ರ ಬಿಡಿಸಿದರೆ, ನಮ್ಮ ಪಾಲ್ ಪದ್ಧತಿಯ ಟಿವಿ 50 ಬಾರಿ. ಪಾಲ್ ದೇಶಗಳಿಗೆ ತದ್ರೂಪಿ ಮಾಡಿದವರು ಒಂದು ಜಾಣ ಉಪಾಯ ಮಾಡಿದರು. ಒಂದು ಚಿತ್ರಕ್ಕೆ 262 ಸಾಲುಗಳ ಬದಲು 312 ಸಾಲು ಇಟ್ಟು, ಹೆಚ್ಚಿನ 50 ಸಾಲುಗಳನ್ನು ಪರದೆ ಬಿಡಿಸಿ ಮುಗಿದ ಮೇಲೆ ಸುಮ್ಮನೆ ಕಳೆಯುವಂತೆ ಮಾಡಿದರು. ಆ ಬಳಿಕ ಆಟಕ್ಕೆ ಸಿಗುವ ವಿರಾಮ ಜಪಾನಿನ ಯಂತ್ರದಷ್ಟೇ. ಹೀಗಾಗಿ ಜಪಾನಿನ ಆಟಗಳು ಒಡೆಯದೆ ನಡೆಯುತ್ತಿದ್ದವು. ಯುರೋಪಿನ ಅಧಿಕೃತ ನೆಸ್‌ನಲ್ಲಿ ಈ ಹೊಂದಿಕೆ ಇರಲಿಲ್ಲ.

ಈಗ ಸಂಗೀತ. ಬಹುತೇಕ ಆಟಗಳು ಪ್ರತಿ ಚಿತ್ರಕ್ಕೊಮ್ಮೆ ಮುಂದಿನ ಸ್ವರದ ಲೆಕ್ಕ ನೋಡುತ್ತವೆ. ಚಿತ್ರ 60ರಿಂದ 50ಕ್ಕೆ ಇಳಿದರೆ ಕಾಲವೂ ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ. ಆದರೆ ಶ್ರುತಿ ಹುಟ್ಟುವುದು ಪ್ರೊಸೆಸರ್‌ನ ಬಡಿತದಿಂದ. ಜಪಾನಿನದು 1.79 ಮೆಗಾಹರ್ಟ್ಸ್, ಈ ತದ್ರೂಪಿಗಳದ್ದು 1.77. ನೂರಕ್ಕೆ ಒಂದರಷ್ಟು ವ್ಯತ್ಯಾಸ, ಕಿವಿಗೆ ಹತ್ತಿರಹತ್ತಿರ ಒಂದೇ. ನಾದದ ಬಣ್ಣದ ವಿಷಯ ಇನ್ನೂ ಮಜವಾಗಿದೆ. ಫ್ಯಾಮಿಕಾಮ್‌ನ ಎರಡು ಚೌಕ ಅಲೆಗಳಿಗೆ ಅಗಲ ಬದಲಿಸುವ ಸೌಲಭ್ಯವಿದೆ. ಅನೇಕ ತದ್ರೂಪಿ ಚಿಪ್‌ಗಳಲ್ಲಿ ಕಾಲು ಅಗಲದ ಅಲೆ ಮತ್ತು ಅರ್ಧ ಅಗಲದ ಅಲೆ ಅದಲುಬದಲಾಗಿದ್ದವು. ಅರ್ಧ ಅಗಲದ್ದು ಟೊಳ್ಳು ನಾದ, ಕಾಲು ಅಗಲದ್ದು ಮೂಗಿನ ನಾದ. ನೀವು ವಿವರಿಸಿದ್ದು ಇದನ್ನೇ.

ಎಫ್‌ಸಿಇಯುಎಕ್ಸ್ ಎಮ್ಯುಲೇಟರ್‌ನಲ್ಲಿ ಪ್ರದೇಶದ ಆಯ್ಕೆಯಲ್ಲಿ ಡೆಂಡಿ ಎಂದಿದೆ. ರಷ್ಯಾದಲ್ಲಿ ಜನಪ್ರಿಯವಾಗಿದ್ದ ತದ್ರೂಪಿಯ ಹೆಸರದು, ಇದೇ ಲೆಕ್ಕಾಚಾರದ್ದು. ಶಬ್ದದ ಭಾಗದಲ್ಲಿ ಅಲೆಯ ಅಗಲ ಅದಲುಬದಲು ಮಾಡುವ ಆಯ್ಕೆಯೂ ಇದೆ. ಎರಡನ್ನೂ ಹಾಕಿ ಕೇಳಿ ನೋಡಿ.

ತಾಳಲಯ:

ಹಾಕಿದೆ. ಅದೇ! ನನ್ನ ತಂಗಿ ಪಕ್ಕದ ಕೋಣೆಯಿಂದ "ಪೆಟ್ಟಿಗೆ ಎಲ್ಲಿ ಸಿಕ್ಕಿತು" ಎಂದು ಕೇಳಿದಳು.

ಹಳೆಯಪೆಂಟಿಯಮ್:

ಎಂಟುಬಿಟ್ ಅವರೇ, ಈಗ ಹೇಳಿ. ನಿಮ್ಮ ನಿಖರತೆ ಯಾವ ಯಂತ್ರದ ನಿಖರತೆ? ನಿಂಟೆಂಡೊದ ಊರಾದ ಕ್ಯೋಟೊದಲ್ಲಿ ಹುಟ್ಟಿದ್ದರದೋ, ನಮ್ಮ ಮನೆಗಳಲ್ಲಿ ನಿಜವಾಗಿ ಇದ್ದದ್ದರದೋ? ತದ್ರೂಪಿಯಲ್ಲಿ ಆಡಿ ಬೆಳೆದವನಿಗೆ ಪರಮ ನಿಖರ ಎಮ್ಯುಲೇಟರ್ ಕೂಡ ಪರಕೀಯವೇ.

ಎಂಟುಬಿಟ್:

ಎರಡರದೂ. ತದ್ರೂಪಿಯ 50 ಖಾಲಿ ಸಾಲುಗಳನ್ನು ಯಾರೋ ಕುಳಿತು ಅಳೆದು ಬರೆದಿಟ್ಟದ್ದರಿಂದಲೇ ತಾಳಲಯ ಅವರ ಕೋಣೆಯಲ್ಲಿ ಇಂದು ಆ ಶಬ್ದ ಬಂತು. ನೆಸ್ಟಿಕಲ್‌ನಲ್ಲಿ ಅದು ಬರುತ್ತಿರಲಿಲ್ಲ. ನಾನು ಮೊದಲ ಬರಹದಲ್ಲಿ ಹೇಳಿದ್ದೂ ಇದನ್ನೇ, ನೀವು ಒಪ್ಪುವುದಿಲ್ಲ ಎಂದೂ ಗೊತ್ತು.

ಹಳೆಯಪೆಂಟಿಯಮ್:

ಒಪ್ಪುವುದಿಲ್ಲ. ಅಳೆಯುವ ಹುಚ್ಚು ಅವರಿಗೆ ಹಿಡಿಸಿದ್ದು ಯಾರು?

ಕುತೂಹಲಿ:

ಜಗಳದ ನಡುವೆ ಒಂದು ಮಾತು. ನಮ್ಮ ಅಜ್ಜಿಯ ಮನೆಯ ಅಟ್ಟದಲ್ಲಿ ಮಾವನ ಕಾಲದ ಹಳದಿ ಕಾರ್ಟ್ರಿಡ್ಜ್ ಇದೆ. ಮೇಲೆ ಒಂಬತ್ತುಗಳನ್ನು ಸಾಲಾಗಿ ಅಚ್ಚು ಹಾಕಿ ಅಷ್ಟೂ ಆಟಗಳಿವೆ ಎಂದು ಬರೆದಿದೆ. ಮಾವನ ಪ್ರಕಾರ ಬೆರಳೆಣಿಕೆಯ ಆಟಗಳನ್ನೇ ಬೇರೆ ಬೇರೆ ಹಂತದಿಂದ ಶುರು ಮಾಡಿ ಹೊಸ ಹೆಸರು ಕೊಟ್ಟಿದ್ದಾರೆ. ಇದನ್ನು ಫೈಲ್ ಮಾಡಿ ಉಳಿಸುವುದರಲ್ಲಿ ಅರ್ಥವಿದೆಯೇ, ಅಥವಾ ಬರೀ ಕಸವೇ?

ಸೊನ್ನೆಒಂದು:

ಕಸವಲ್ಲ. ಮಾರಿಯೊ ಮೂಲ ಕಾರ್ಟ್ರಿಡ್ಜ್‌ನ ಪ್ರತಿ ಜಗತ್ತಿನಲ್ಲಿ ಸಾವಿರಾರಿವೆ. ಈ ಬಹು-ಆಟದ ನಕಲುಗಳಲ್ಲಿ ಒಂದರ ಮೆನು, ಸರ್ಕ್ಯೂಟ್, ತಿದ್ದುಪಡಿ ಇನ್ನೊಂದರಂತೆ ಇರುವುದಿಲ್ಲ. ಅವುಗಳಿಗಾಗಿಯೇ ಐನೆಸ್‌ನ ಸರ್ಕ್ಯೂಟ್ ಪಟ್ಟಿಯಲ್ಲಿ ಎಷ್ಟೋ ಸಂಖ್ಯೆಗಳು ಮೀಸಲಾಗಿವೆ.

ಮೊದಲು ಯಂತ್ರಕ್ಕೆ ಸಿಕ್ಕಿಸಲು ಹೋಗಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಲೋಹದ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಮರಳು ಕಾಗದ ಖಂಡಿತ ಬೇಡ. ಪಟ್ಟಿಗಳನ್ನು ಎಣಿಸಿ: ನಮ್ಮ ತದ್ರೂಪಿಗಳದ್ದು ಫ್ಯಾಮಿಕಾಮ್‌ನ 60 ಪಿನ್, ಅಮೆರಿಕದ ನೆಸ್‌ನದು 72. ಓದುವ ಉಪಕರಣ ಕೊಳ್ಳುವಾಗ 60 ಪಿನ್‌ನ ಕಿಂಡಿ ಇದೆಯೇ ನೋಡಿ. ಒಳಗೆ ಸಾಮಾನ್ಯ ಚಿಪ್ ಬದಲು ಕಪ್ಪು ಅಂಟಿನ ಉಂಡೆ ಕಂಡರೆ ಗಾಬರಿ ಬೇಡ, ಇಂಥವುಗಳಲ್ಲಿ ಅದೇ ರೂಢಿ, ಅದನ್ನು ಕೆರೆಯಬೇಡಿ. ಮುಚ್ಚಳ ತೆಗೆದು ಹಲಗೆಯ ಎರಡೂ ಬದಿಯ ಚಿತ್ರ ತೆಗೆದು ಇಲ್ಲಿ ಹಾಕಿ. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿದ ಮೇಲೆ ಯಾವ ಸಂಖ್ಯೆಯಲ್ಲಿ ಓದಿಸಬೇಕು ಎಂದು ಹೇಳುತ್ತೇನೆ.